ಕೌಲಾಲಂಪುರ ಕಂಡ ಕುಪ್ಪಾಯ

ಕುಂಬ್ರ

ದುಬೈ ಬೇಡ ಎಂದವಳು ನಾನೇ.

ಬೇಸಿಗೆ ರಜೆ ಶುರುವಾದ ವಾರ ಇವರು ಅಂಗಡಿಯಿಂದ ಬಂದವರು ನೀರು ಕುಡಿಯುವ ಮೊದಲೇ, "ಮಕ್ಕಳನ್ನು ಕರ್ಕೊಂಡು ಹೊರದೇಶದ ಒಂದು ಊರು ನೋಡಿ ಬರುವ, ಮೂರು ದಿನ ಸಾಕು" ಎಂದರು. ಇವರು ಎಂದರೆ ನನ್ನ ಗಂಡ ರಫೀಕ್. ಕುಂಬ್ರ ಜಂಕ್ಷನ್ನಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದಾರೆ. ಹೊರದೇಶ ಎಂದ ಕೂಡಲೇ ನಮ್ಮ ಕಡೆಯವರ ಬಾಯಿಗೆ ಬರುವುದು ದುಬೈ. ಅಲ್ಲಿ ನನ್ನ ಇಬ್ಬರು ಅಣ್ಣಂದಿರಿದ್ದಾರೆ, ಇವರ ಚಿಕ್ಕಪ್ಪನ ಮಕ್ಕಳಿದ್ದಾರೆ, ನೆರೆಮನೆಯವರ ಅಳಿಯಂದಿರಿದ್ದಾರೆ. ಒಬ್ಬರ ಮನೆಯಲ್ಲಿ ಉಂಡು ಇನ್ನೊಬ್ಬರ ಮನೆಯಲ್ಲಿ ಉಣ್ಣದೆ ಬಂದರೆ ಆ ಸುದ್ದಿ ನಮಗಿಂತ ಮೊದಲು ಊರು ಮುಟ್ಟುತ್ತದೆ. ಮೂರು ದಿನವೂ ಬಿರಿಯಾನಿ ತಿಂದು, ಸೋಫಾದಲ್ಲಿ ಕುಳಿತು, "ಊರಲ್ಲಿ ಮಳೆ ಬಂತಾ?" ಎಂದು ಕೇಳಿಸಿಕೊಂಡು ಬರಬೇಕಾದೀತು.

"ನಮ್ಮವರು ಯಾರೂ ಇಲ್ಲದ ಊರು ಹುಡುಕಿ" ಎಂದೆ.

"ಅಂಥ ಊರು ಭೂಮಿ ಮೇಲೆ ಉಂಟಾ ಮಾರಾಯ್ತಿ?" ಎಂದು ಇವರು ನಕ್ಕರು.

ಹುಡುಕಿದಾಗ ಸಿಕ್ಕಿದ್ದು ಮಲೇಷ್ಯಾದ ಕೌಲಾಲಂಪುರ. ಹಲಾಲ್ ಊಟಕ್ಕೆ ತೊಂದರೆ ಇಲ್ಲ, ವಿಮಾನದಲ್ಲಿ ಹೆಚ್ಚು ಹೊತ್ತು ಕೂರಬೇಕಾಗಿಲ್ಲ, ಘಾಟಿಯ ತಿರುವುಗಳಿಲ್ಲದ ಕಾರಣ ಝಿಯಾನ್ ವಾಂತಿ ಮಾಡುವ ಹೆದರಿಕೆಯೂ ಇಲ್ಲ. ಝಿಯಾನ್ ನಮ್ಮ ಸಣ್ಣವನು, ನಾಲ್ಕು ವರ್ಷ. ಮಗಳು ಹಿಬಾ ಈಗ ಮೂರನೇ ತರಗತಿಗೆ. ಕಷ್ಟ ಇದ್ದದ್ದು ರಜೆಯದ್ದು. ಶಾಲೆಗೆ ರಜೆ ಇದ್ದರೂ ಮದ್ರಸ ತೆರೆದಾಗಿತ್ತು. ಹಿಬಾಳೇ ಹೋಗಿ ಉಸ್ತಾದರ ಹತ್ತಿರ ರಜೆ ಕೇಳಿದಳು. "ಹೋಗಿ ಬಾ, ಆದ್ರೆ ಅಲ್ಲಿ ಮಸೀದಿ ಹೇಗುಂಟು ಅಂತ ಬಂದು ಕ್ಲಾಸಿಗೆ ಹೇಳಬೇಕು" ಎಂದು ಅವರು ಕೆಲಸವನ್ನೂ ಕೊಟ್ಟು ಕಳಿಸಿದರು.

ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಹೋಗುವುದಕ್ಕೆ ನಾನು ಒಂದೇ ನಿಯಮ ಮಾಡಿದೆ. ದಿನಕ್ಕೆ ಒಂದೇ ಜಾಗ, ಮಧ್ಯಾಹ್ನ ಮೇಲೆ ನಿದ್ದೆ. ಮೊದಲ ದಿನ ಪೇಟೆ ಸುತ್ತುವುದು, ಎರಡನೇ ದಿನ ಜೋಡಿ ಗೋಪುರದ ಹತ್ತಿರದ ಮಾಲ್ ಮತ್ತು ಅದರ ಹಿಂದಿನ ಉದ್ಯಾನದಲ್ಲಿ ಮಕ್ಕಳ ನೀರಾಟ, ಮೂರನೇ ದಿನ ಬೆಳಿಗ್ಗೆ ಹಕ್ಕಿಗಳ ಪಾರ್ಕು. ಪಾರ್ಕಿನ ಪಕ್ಕದಲ್ಲೇ ದೊಡ್ಡ ಮಸೀದಿ. ಅಲ್ಲಿ ಮಧ್ಯಾಹ್ನದ ಝುಹರ್ ನಮಾಝ್ ಮುಗಿಸಿ ವಿಮಾನಕ್ಕೆ ಹೊರಡುವುದು.

ಮಸೀದಿ ಎಂಬ ಮಾತು ಕಿವಿಗೆ ಬಿದ್ದದ್ದೇ ಉಮ್ಮ ಒಳಕೋಣೆಯಿಂದ ಕರೆದರು. ಉಮ್ಮ ಇವರ ತಾಯಿ; ನನ್ನ ಮಕ್ಕಳಿಗೆ ನಾನು ಉಮ್ಮ, ಅವರು ಉಮ್ಮಮ್ಮ. ಮೊಣಕಾಲು ನೋವಿನಿಂದ ನಡೆಯುವುದು ಕಡಿಮೆ, ನಮಾಝ್ ಕೂಡ ಕುರ್ಚಿಯಲ್ಲೇ. ನೀವೂ ಬನ್ನಿ ಎಂದು ಇವರು ಎಷ್ಟು ಹೇಳಿದರೂ, "ಅಲ್ಲಿ ನೀವು ಮಕ್ಕಳನ್ನು ನೋಡುದಾ, ನನ್ನನ್ನು ನೋಡುದಾ?" ಎಂದು ಬಾಯಿ ಮುಚ್ಚಿಸಿದ್ದರು. ಉಮ್ಮನನ್ನು ನೋಡಿಕೊಳ್ಳಲು ಸುಳ್ಯದಿಂದ ನಾದಿನಿ ಬರುವುದೆಂದು ಆಗಿತ್ತು.

ಉಮ್ಮ ಕಪಾಟಿನ ತಳದಿಂದ ಬಿಳಿಯ ನಮಾಝಿನ ಕುಪ್ಪಾಯ ತೆಗೆದರು. ತಲೆಯಿಂದ ಪಾದದವರೆಗೆ ಬರುವ, ಹೆಂಗಸರು ನಮಾಝಿಗೆ ಉಡುಪಿನ ಮೇಲೆ ಹಾಕುವ ನಿಲುವಂಗಿ. ಅದನ್ನು ನಾನು ಬಲ್ಲೆ. ಮೆಕ್ಕಾದ ಉಮ್ರಾ ಯಾತ್ರೆಗೆ ಹೊರಡುವುದೆಂದು ಉಮ್ಮ ಸ್ವತಃ ಹೊಲಿದದ್ದು. ಕೊನೆಗೆ ಬಿಳಿ ನೂಲು ಮುಗಿದು, ಕೆಳಗಿನ ಅಂಚಿನ ಒಂದು ಗೇಣಿಗೆ ಹಸಿರು ನೂಲು ಹಾಕಿದ್ದರು. ಬಲಕ್ಕೆ ಒಂದು ಕಿಸೆ ಕೂಡ ಇಟ್ಟಿದ್ದರು. "ನಮಾಝಿನ ಕುಪ್ಪಾಯಕ್ಕೆ ಕಿಸೆ ಎಂತಕ್ಕೆ ಉಮ್ಮ, ಮಿಠಾಯಿ ಹಾಕ್ಲಿಕ್ಕಾ?" ಎಂದು ನಾದಿನಿ ಗೇಲಿ ಮಾಡಿದ್ದಳಂತೆ. "ಕೋಣೆಯ ಬೀಗದ ಕೈ, ತಸ್ಬೀಹ್ ಮಣಿ ಎಲ್ಲಿ ಇಡುದು?" ಎಂದಿದ್ದರಂತೆ ಉಮ್ಮ. ಹೊರಡುವ ತಿಂಗಳಲ್ಲೇ ಮಾವ ಹಾಸಿಗೆ ಹಿಡಿದರು. ಮಾವ ತೀರಿಹೋದ ಮೇಲೆ ಉಮ್ಮನ ಮೊಣಕಾಲು ಹಟ ಹಿಡಿಯಿತು. ಕುಪ್ಪಾಯ ಲವಂಗದ ಪೊಟ್ಟಣದ ಜೊತೆ ಕಪಾಟಿನಲ್ಲೇ ಉಳಿಯಿತು. ಒಂದು ದಿನವೂ ಉಮ್ಮ ಅದನ್ನು ಹಾಕಿದ್ದು ನಾನು ಕಂಡಿಲ್ಲ.

"ನಾನು ಮಸೀದಿಯ ಒಳಗೆ ಒಂದು ರಕಅತ್ ಕೂಡ ನಮಾಝ್ ಮಾಡಿದವಳಲ್ಲ ಮಗಳೇ. ನಮ್ಮ ಕಡೆ ಹೆಂಗಸರಿಗೆ ಮನೆಯೇ ಅಲ್ವಾ? ಈ ಬಟ್ಟೆಗಾದ್ರೂ ಒಂದು ಮಸೀದಿಯ ನೆಲ ಸಿಗಲಿ. ಆ ದೊಡ್ಡ ಮಸೀದಿಯಲ್ಲಿ ಇದನ್ನು ಹಾಕಿ ಮಾಡು. ಹುಷಾರಾಗಿ ತಾ."

ನಾವು ಮನೆಯಲ್ಲಿ ಬ್ಯಾರಿ ಭಾಷೆ ಮಾತನಾಡುವವರು. ಓದುವವರಿಗೆ ಸುಲಭವಾಗಲೆಂದು ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಆದರೆ "ಹುಷಾರಾಗಿ ತಾ" ಎಂದಾಗಿನ ಉಮ್ಮನ ದನಿ ಯಾವ ಭಾಷೆಯಲ್ಲಿ ಬರೆದರೂ ಕಾಗದದ ಮೇಲೆ ಬರುವಂಥದ್ದಲ್ಲ.

ಕೊಚ್ಚಿಯಿಂದ ಮೇಲೆ

ಕಾಸರಗೋಡಿಗೆ ಹೋಗಿ ರೈಲು ಹತ್ತಿ ಕೊಚ್ಚಿಗೆ ಬಂದೆವು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಇವರ ಕೈಚೀಲವನ್ನು ಬದಿಗೆ ತೆಗೆದರು. ಒಳಗಿನಿಂದ ಹೊರಬಂದದ್ದು ಕಾಲು ಅಳೆಯುವ ಪಟ್ಟಿ! ಅಂಗಡಿಯಲ್ಲಿ ಗಿರಾಕಿಗಳ ಪಾದ ಇಟ್ಟು ನಂಬರು ನೋಡುವಂಥದ್ದು.

"ಇದು ಎಂತಕ್ಕೆ ತಂದದ್ದು?" ಎಂದು ನಾನೇ ಕೇಳಿದೆ.

"ಗೊತ್ತಿಲ್ಲ, ಚೀಲದಲ್ಲೇ ಇತ್ತು" ಎಂದರು. ತಪಾಸಣೆಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತಮ್ಮ ಬೂಟಿನ ಪಕ್ಕ ಹಿಡಿದು, ನಗುತ್ತಾ ಹಿಂದೆ ಕೊಟ್ಟರು. ಅಲ್ಹಮ್ದುಲಿಲ್ಲಾಹ್, ಮೊದಲ ಕಂಟಕ ದಾಟಿತು.

ವಿಮಾನ ಓಡತೊಡಗಿದಾಗ ಝಿಯಾನ್ ಕಿಟಕಿಗೆ ಮೂಗು ಒತ್ತಿ ಕುಳಿತಿದ್ದ. ಅವನಿಗೆ ಗೊತ್ತಿರುವ ದೊಡ್ಡ ವಾಹನವೆಂದರೆ ನಮ್ಮ ಜಂಕ್ಷನ್ನಿಗೆ ಬರುವ ಖಾಸಗಿ ಬಸ್ಸು. "ಉಮ್ಮಾ, ಕಂಡಕ್ಟರ್ ವಿಸಿಲ್ ಹಾಕಲೇ ಇಲ್ಲ. ಹಾಗೇ ಬಿಟ್ರಲ್ಲ!" ಎಂದು ಗಾಬರಿಯಾದ. ಮೇಲೇರಿದ ಮೇಲೆ ಇನ್ನೊಂದು ಪ್ರಶ್ನೆ: "ಎದುರಿನಿಂದ ಬೇರೆ ವಿಮಾನ ಬಂದ್ರೆ ಹಾರ್ನ್ ಹಾಕ್ಲಿಕ್ಕೆ ಇಲ್ವಾ?" ಪ್ರಯಾಣದ ದುವಾವನ್ನು ನಾನು ಇನ್ನೊಮ್ಮೆ ಹೇಳಿಕೊಂಡೆ.

ಮೊದಲ ದಿನ: ಪೇಟೆ

ಹೊರದೇಶವೆಂದರೆ ಬೇರೆ ಥರ ಇರಬೇಕೆಂದು ನಾನು ಎಣಿಸಿದ್ದೆ. ಬಸ್ಸಿನ ಕಿಟಕಿಯಲ್ಲಿ ಕಂಡದ್ದು ತೆಂಗು, ಬಾಳೆ, ಹಲಸು, ಮತ್ತೆ ಬೆವರು. ಪೇಟೆ ತಲುಪಿದರೆ ರಸ್ತೆ ಬದಿಯಲ್ಲಿ ರಂಬುಟಾನ್ ರಾಶಿ. ನಮ್ಮ ಪುತ್ತೂರಿನಲ್ಲಿ ಜೀಪಿನ ಹಿಂದೆ ಕಟ್ಟು ಕಟ್ಟಿ ಮಾರುವ ಹಾಗೆಯೇ.

"ಇದು ನಮ್ಮದೇ ಹಣ್ಣು. ಇದನ್ನು ನೋಡ್ಲಿಕ್ಕೆ ಇಷ್ಟು ದೂರ ಬಂದದ್ದಾ?" ಎಂದಳು ಹಿಬಾ.

ಮಾರುವ ಹೆಂಗಸಿಗೆ ಇವರು ಕೈಸನ್ನೆಯಲ್ಲಿ, ನಮ್ಮ ಊರಿನಲ್ಲೂ ಇದು ಬೆಳೆಯುತ್ತದೆ ಎಂದು ತಿಳಿಸಿದರು. ಆಕೆ ನಂಬಿದ ಹಾಗೆ ಕಾಣಲಿಲ್ಲ. ಇಲ್ಲಿಯ ಹಣ್ಣು ಇಲ್ಲಿಂದಲೇ ನಮ್ಮಲ್ಲಿಗೆ ಬಂದದ್ದಿರಬೇಕು, ಹೊರದೇಶದಿಂದ ಬಂದ ಸುಳ್ಯದ ರಬ್ಬರಿನ ಹಾಗೆ. ಆಕೆಯ ದೃಷ್ಟಿಯಲ್ಲಿ ನಾವು ಅವರ ಹಣ್ಣನ್ನು ನಮ್ಮದೆನ್ನುವ ಜನ!

ಒಂದು ಸಂಗತಿ ಮಾತ್ರ ಬೇರೆಯೇ ಇತ್ತು. ದಾರಿ ಕೇಳಿದರೆ ಇಲ್ಲಿಯವರು ತೋರುಬೆರಳು ಚಾಚುವುದಿಲ್ಲ. ಮುಷ್ಟಿ ಮಡಚಿ, ಹೆಬ್ಬೆರಳನ್ನು ಮೇಲಿಟ್ಟು ಮೆಲ್ಲನೆ ತೋರಿಸುತ್ತಾರೆ. ಬೆರಳು ಚಾಚುವುದು ಮರ್ಯಾದೆಯಲ್ಲವಂತೆ. ಕೈ ಕುಲುಕಿದ ಮೇಲೆ ಆ ಕೈಯನ್ನು ಎದೆಗೆ ಮುಟ್ಟಿಸಿಕೊಳ್ಳುತ್ತಾರೆ. ಮಕ್ಕಳು ಇವೆರಡನ್ನೂ ಸಂಜೆಯೊಳಗೆ ಕಲಿತರು. ಅವರಿಗೆ ಇನ್ನೂ ಹಿಡಿಸಿದ್ದು ಚಹಾ ಕೊಡುವ ರೀತಿ. ಹೋಟೆಲಿನಿಂದ ಚಹಾ ಒಯ್ಯುವುದಾದರೆ ಪ್ಲಾಸ್ಟಿಕ್ ತೊಟ್ಟೆಗೆ ಹೊಯ್ದು, ಬಾಯಿಗೆ ದಾರ ಕಟ್ಟಿ, ಒಂದು ಸ್ಟ್ರಾ ಸಿಕ್ಕಿಸಿ ಕೊಡುತ್ತಾರೆ. ಅದನ್ನು ಬೆರಳಿಗೆ ತೂಗುಹಾಕಿಕೊಂಡು ಜನ ಆರಾಮವಾಗಿ ನಡೆಯುತ್ತಾರೆ. ನಮ್ಮಲ್ಲಿ ತೊಟ್ಟೆಯಲ್ಲಿ ತರುವುದು ಮೀನು. ಝಿಯಾನ್ ಚಹಾದ ತೊಟ್ಟೆಯನ್ನು ಎತ್ತಿ ಹಿಡಿದು ಒಳಗೆ ಮೀನು ಇದೆಯಾ ಎಂದು ನೋಡಿದ.

ಇವರು ಪೇಟೆ ನೋಡಿದ್ದು ಕಡಿಮೆ. ಕಣ್ಣೆಲ್ಲ ಜನರ ಕಾಲಿನ ಮೇಲೆ.

"ಇಲ್ಲಿಯವರು ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕುದಿಲ್ಲ, ನೋಡಿದ್ಯಾ? ಒಳಗೆ ಹೋಗುವಾಗೆಲ್ಲ ಬಿಡಬೇಕಲ್ಲ, ಅದಕ್ಕೆ."

"ಸ್ವಲ್ಪ ತಲೆ ಎತ್ತಿ ನಡೀರಿ. ಅಲ್ಲಿ ಜೋಡಿ ಗೋಪುರ ಉಂಟು" ಎಂದೆ.

"ಉಂಟು ಉಂಟು, ಅದು ಎಲ್ಲಿಗೂ ಹೋಗುದಿಲ್ಲ."

ಸಂಜೆ ಐದಕ್ಕೆ ಉಮ್ಮನ ವೀಡಿಯೊ ಕಾಲ್ ಬಂತು. ಅಲ್ಲಿ ಐದಾದರೆ ಇಲ್ಲಿ ಕತ್ತಲಾಗುವ ಹೊತ್ತು. ಮಕ್ಕಳ ಮುಖ ನೋಡಿದ ಮೇಲೆ, "ಕುಪ್ಪಾಯ ತೋರಿಸು" ಎಂದರು. ತೋರಿಸಿದೆ. "ಆಯ್ತು" ಎಂದು, ಎಂದಿನಂತೆ ದುವಾ ಹೇಳಿ ಕಾಲ್ ಇಟ್ಟರು.

ಎರಡನೇ ದಿನ: ಮಾಲ್

ಮಾಲ್ ಎಂದರೆ ಅದು ಇನ್ನೊಂದು ಊರು. ಇಡೀ ಪುತ್ತೂರು ಪೇಟೆಯನ್ನು ಅಡುಕಿ ಇಟ್ಟು ಮೇಲೆ ಮಾಡು ಹಾಕಿದ ಹಾಗೆ. ನಾವು ಮಹಡಿ ಹತ್ತಿದ್ದು, ಇಳಿದದ್ದು, ಮತ್ತೆ ಹತ್ತಿದ್ದು, ಮಕ್ಕಳಿಗೆ ತಾನಾಗಿ ಸರಿಯುವ ಜಾರುಮೆಟ್ಟಿಲು ಇಷ್ಟವಾದ ಕಾರಣಕ್ಕೆ. ಝುಹರ್ ಹೊತ್ತಿಗೆ ನಮಾಝ್ ಎಲ್ಲಿ ಎಂದು ಕೇಳಿದರೆ, ಕಾವಲುಗಾರ ಹೆಬ್ಬೆರಳಿನಿಂದ ತೋರಿಸಿದ. ಮಾಲ್‌ನ ಒಳಗೇ ನಮಾಝಿನ ಕೋಣೆ, ಹೆಂಗಸರಿಗೆ ಬೇರೆಯೇ!

ನಾನು ಬಾಗಿಲಲ್ಲೇ ನಿಂತು ನೋಡಿದೆ. ವುಝೂ ಮಾಡಲು, ಎಂದರೆ ನಮಾಝಿಗೆ ಮೊದಲು ಕೈಕಾಲು ಮುಖ ತೊಳೆಯಲು ಕೂರುವ ಕಲ್ಲು, ಕನ್ನಡಿ, ಮೆತ್ತನೆಯ ಹಾಸು. ಗೋಡೆಯುದ್ದಕ್ಕೂ ಒಂದು ಕಂಬಿ, ಅದರಲ್ಲಿ ಸಾಲಾಗಿ ನಮಾಝಿನ ಬಿಳಿ ಕುಪ್ಪಾಯಗಳು. ಅವು ಯಾರದ್ದೂ ಅಲ್ಲ, ಎಲ್ಲರದ್ದೂ. ಅಂಗಡಿಗೆ ಬಂದ ಹೆಂಗಸರು ಒಂದನ್ನು ತೆಗೆದು ಹಾಕುತ್ತಾರೆ, ನಮಾಝ್ ಮುಗಿಸಿ ಅಲ್ಲೇ ತೂಗುಹಾಕಿ ಹೋಗುತ್ತಾರೆ. ಯಾರೂ ಯಾರನ್ನೂ ಕೇಳುವುದಿಲ್ಲ. ಪುತ್ತೂರಿನಲ್ಲಿ ಬಟ್ಟೆ ತೆಗೆಯಲು ಹೋದ ದಿನ ಝುಹರ್ ಹೊತ್ತು ಮೀರುತ್ತದೆಂದು ಅರ್ಧ ಕೆಲಸ ಬಿಟ್ಟು ಬಸ್ಸಿಗೆ ಓಡಿ ಬಂದದ್ದು ನೆನಪಾಯಿತು. ನಾವೆಲ್ಲ ಹಾಗೇ ಓಡುವವರು.

ನಾನು ಉಮ್ಮನ ಕುಪ್ಪಾಯವನ್ನೇ ಹಾಕಿದೆ. ಮಸೀದಿಗೆಂದು ತಂದದ್ದನ್ನು ಇಲ್ಲಿ ಹಾಕಬಹುದೇ ಎಂದು ಒಂದು ಕ್ಷಣ ಯೋಚನೆ ಬಂತು. ಹಾಕಿದ ಮೇಲೆ ಲವಂಗದ ಪರಿಮಳಕ್ಕೆ ಉಮ್ಮನೇ ಪಕ್ಕದಲ್ಲಿ ನಿಂತ ಹಾಗಾಯಿತು. ಪ್ರಯಾಣದವರಿಗೆ ಸಿಗುವ ರಿಯಾಯಿತಿಯಂತೆ ಝುಹರ್, ಸಂಜೆಯ ಅಸರ್ ಎರಡನ್ನೂ ಚುಟುಕಾಗಿಸಿ ಒಟ್ಟಿಗೆ ಮುಗಿಸಿದೆ. ಪಕ್ಕದವರು ಕೈ ಕಟ್ಟುವುದು, ಕೂರುವುದು, ಎಲ್ಲ ನಮ್ಮ ಹಾಗೆಯೇ. ಅವರೂ ನಮ್ಮಂತೆ ಶಾಫಿ ಪಂಥದವರು. ನಮಾಝಿನ ಕೊನೆಗೆ ಎಡಕ್ಕೆ ಸಲಾಂ ಹೇಳುವಷ್ಟರಲ್ಲಿ ಬಾಗಿಲ ಹೊರಗಿಂದ ಝಿಯಾನ್ ಕಿರುಚಿದ.

"ಉಮ್ಮಾ, ಬಂತೂ! ಉಮ್ಮಾ, ಬಂದೇ ಬಿಟ್ಟಿತು!"

ಎಂತ ಬಂತು ಎಂದು ತಾಯಂದಿರಿಗೆ ಹೇಳಬೇಕಾಗಿಲ್ಲ. ಕುಪ್ಪಾಯ ಕಳಚಿ, ಕೈಗೆ ಸಿಕ್ಕಿದ ಕಂಬಿಗೆ ಹಾಕಿ, ಅವನನ್ನು ಎತ್ತಿಕೊಂಡು ಓಡಿದೆ. ಪಡೆದವನ ದಯೆ, ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಆ ಗೆಲುವಿನಲ್ಲಿ ಉಳಿದದ್ದೆಲ್ಲ ಮರೆತುಹೋಯಿತು. ಅಲ್ಲಿಂದ ಹೊರಗೆ, ಉದ್ಯಾನದ ನೀರಿಗೆ. ಮಕ್ಕಳು ಒದ್ದೆಯಾಗಿ, ಮಳೆಯೂ ಬಂದು, ಎಲ್ಲರೂ ಒದ್ದೆಯಾಗಿ, ಹೋಟೆಲಿಗೆ ಬಂದು ಬಿದ್ದೆವು. ಕುಪ್ಪಾಯ ಕಂಬಿಯಲ್ಲೇ ಉಳಿದಿತ್ತು. ನನಗೆ ಅದು ಗೊತ್ತಿರಲಿಲ್ಲ.

ಅದೇ ಸಂಜೆ: ಹೋಟೆಲ್ ಕೋಣೆ

ಉಮ್ಮನ ಫೋನ್ ರಿಂಗಾದಾಗಲೇ ಕುಪ್ಪಾಯ ತೆಗೆದಿಡುವ ಎಂದು ಚೀಲಕ್ಕೆ ಕೈ ಹಾಕಿದೆ. ಇಲ್ಲ. ಇನ್ನೊಂದು ಚೀಲ, ಅಲ್ಲೂ ಇಲ್ಲ. ಹಿಬಾ ಅಷ್ಟರಲ್ಲಿ ಕಾಲ್ ಎತ್ತಿ ಆಗಿತ್ತು.

"ಉಮ್ಮಮ್ಮಾ, ನಾವು ನೀರಲ್ಲಿ ಆಡಿದೆವು. ಉಮ್ಮ ಈಗ ಎಂತದೋ ಹುಡುಕ್ತಾ ಇದ್ದಾರೆ. ನಿಮ್ಮ ಕುಪ್ಪಾಯ ಅಂತ ಕಾಣ್ತದೆ."

ನಾನು ಫೋನ್ ತೆಗೆದುಕೊಂಡೆ. ಉಮ್ಮನಿಗೆ ನನ್ನ ಮುಖದಲ್ಲೇ ಎಲ್ಲ ಕಂಡಿತು.

"ಮಕ್ಕಳು ಇಬ್ಬರೂ ಉಂಟಲ್ಲ?"

"ಉಂಟು ಉಮ್ಮ."

"ನೀವಿಬ್ಬರೂ ಉಂಟಲ್ಲ?"

"ಉಂಟು."

"ಮತ್ತೆ ಅಳುದು ಎಂತಕ್ಕೆ? ಬಟ್ಟೆ ಅಲ್ವಾ." ಹಾಗೆಂದು, ದುವಾ ಹೇಳದೆಯೇ ಕಾಲ್ ಇಟ್ಟರು. ಇದಕ್ಕೆ ಮೊದಲು ದುವಾ ಹೇಳದೆ ಉಮ್ಮ ಫೋನ್ ಇಟ್ಟದ್ದು ನನಗೆ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ನಾದಿನಿಯ ದನಿ ಸಂದೇಶ ಬಂತು. "ಅತ್ತಿಗೆ, ಉಮ್ಮ ಚಹಾ ಬೇಡ ಅಂತ ಒಳಗೆ ಹೋಗಿ ಮಲಗಿದ್ದಾರೆ. ಕಪಾಟು ತೆರೆದು ಆ ಖಾಲಿ ಜಾಗ ನೋಡಿ ಬಂದ್ರು. ನೀವು ಬೇಜಾರು ಮಾಡ್ಬೇಡಿ."

ಬೇಜಾರು ಮಾಡಬೇಡಿ ಎಂದರೆ!

ನಾಳೆ ಬೆಳಿಗ್ಗೆ ಇದ್ದದ್ದು ಹಕ್ಕಿಗಳ ಪಾರ್ಕು. ಮಾಲ್‌ಗೆ ಹೋದರೆ ಪಾರ್ಕು ಇಲ್ಲ. ಎರಡಕ್ಕೂ ಹೋದರೆ ಮಸೀದಿ ಇಲ್ಲ, ವಿಮಾನವೂ ತಪ್ಪಬಹುದು. ಇವರು ಮಕ್ಕಳನ್ನು ಮಂಚದ ಮೇಲೆ ಕೂರಿಸಿ ಸಭೆ ಕರೆದರು.

"ಹಕ್ಕಿ ಕುಂಬ್ರದಲ್ಲೂ ಉಂಟಲ್ವಾ ಮಗಾ?"

"ಕುಂಬ್ರದಲ್ಲಿ ಕಾಗೆ ಮಾತ್ರ ಇರುದು" ಎಂದ ಝಿಯಾನ್.

"ಕೋಗಿಲೆ ಇಲ್ವಾ?"

"ಅದು ಕಾಣುದಿಲ್ಲ, ಕೂಗುದು ಮಾತ್ರ."

ಹಿಬಾ ತಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಅವನು ಸ್ವಲ್ಪ ಯೋಚಿಸಿ, "ಜಾರುಮೆಟ್ಟಿಲಲ್ಲಿ ಎಷ್ಟು ಸಲ?" ಎಂದು ಕೇಳಿದ.

"ನಿನಗೆ ಸಾಕಾಗುವಷ್ಟು" ಎಂದರು ಇವರು. ಸಭೆ ಮುಗಿಯಿತು.

ಮೂರನೇ ದಿನ: ಮಾಲ್, ಮಸೀದಿ

ಬಾಗಿಲು ತೆರೆಯುವ ಹೊತ್ತಿಗೆ ಚೀಲ ಸಮೇತ ಮಾಲ್‌ನ ಮುಂದಿದ್ದೆವು. ಒಳಗೆ ಹೋದ ಮೇಲೆ ಗೊತ್ತಾಯಿತು, ಅಲ್ಲಿ ನಮಾಝಿನ ಕೋಣೆ ಒಂದಲ್ಲ. ಮೊದಲು ಹೋದ ಕೋಣೆಯ ಕನ್ನಡಿ ಬೇರೆ, ಎರಡನೆಯದರ ಹಾಸು ಬೇರೆ. ಮಾಹಿತಿಯ ಮೇಜಿನಲ್ಲಿದ್ದ ಹುಡುಗಿಗೆ ಇಂಗ್ಲಿಷಿನಲ್ಲಿ ನನಗೆ ಬಂದಷ್ಟು ಹೇಳಿದೆ. ನಮಾಝಿನ ಬಟ್ಟೆ ಕಳೆದುಹೋಗಿದೆ ಎಂದಾಗ ಆಕೆಗೆ ಅರ್ಥವೇ ಆಗಲಿಲ್ಲ. "ಅಲ್ಲಿ ತುಂಬಾ ಇವೆ ಅಕ್ಕ, ಯಾವುದನ್ನು ಬೇಕಾದರೂ ತಗೊಳ್ಳಿ" ಎಂದು ಸಮಾಧಾನ ಮಾಡಿದಳು. ಅಲ್ಲಿ ಆ ಬಟ್ಟೆ ಕಳೆಯುವುದು ಎಂಬ ಸಂಗತಿಯೇ ಇಲ್ಲ.

ಆಗ ಇವರು ಥಟ್ಟನೆ ನಿಂತರು. "ನಿನ್ನೆ ನೀನು ಒಳಗೆ ಹೋದಾಗ ನಾನು ಮಕ್ಕಳನ್ನು ಹಿಡ್ಕೊಂಡು ಎಂತ ನೋಡ್ತಾ ಇದ್ದೆ ಗೊತ್ತುಂಟಾ? ಎದುರಿನ ಅಂಗಡಿಯ ಗಾಜಿನೊಳಗೆ ಕಂದು ಬಣ್ಣದ ಮಕ್ಕಳ ಸ್ಯಾಂಡಲ್, ಎರಡು ಬಕಲ್‌ದು. ಅದನ್ನು ಹುಡುಕಿದ್ರೆ ಆಯ್ತು."

ನಾನು ಮೂರು ದಿನ ಯಾವುದಕ್ಕೆ ಬೈದಿದ್ದೆನೋ ಅದೇ ಉಪಕಾರಕ್ಕೆ ಬಂತು. ಎರಡು ಬಕಲಿನ ಸ್ಯಾಂಡಲ್ ಸಿಕ್ಕಿತು, ಎದುರಿಗೆ ಕೋಣೆಯೂ ಸಿಕ್ಕಿತು. ಇವರೂ ಝಿಯಾನನೂ ಜಾರುಮೆಟ್ಟಿಲಿಗೆ ಹೋದರು. ಹಿಬಾಳ ಕೈ ಹಿಡಿದು ನಾನು ಒಳಗೆ ಹೋದೆ.

ಕಂಬಿಯಲ್ಲಿ ಇದ್ದದ್ದನ್ನೆಲ್ಲ ಒಂದೊಂದಾಗಿ ಅಂಚು ತಿರುಗಿಸಿ ನೋಡಿದೆ. ಲೇಸು ಇದ್ದವು, ಹೂವು ಇದ್ದವು. ಹಸಿರು ನೂಲು ಇರಲಿಲ್ಲ. ಕೊನೆಯದನ್ನೂ ನೋಡಿ ಆದಾಗ ಹಾಸಿನ ಮೇಲೆ ಕುಳಿತೆ.

"ಉಮ್ಮಾ" ಎಂದು ಹಿಬಾ ನನ್ನ ತೋಳು ಜಗ್ಗಿದಳು. ಮುಷ್ಟಿ ಮಡಚಿ, ಹೆಬ್ಬೆರಳಿನಲ್ಲಿ ಮುಂದೆ ತೋರಿಸಿದಳು.

ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಲುಹಾ ನಮಾಝಿನಲ್ಲಿದ್ದಳು, ಹೊತ್ತು ಏರಿದ ಮೇಲೆ ಮಾಡುವ ಐಚ್ಛಿಕ ನಮಾಝ್. ಹಣೆ ನೆಲಕ್ಕೆ ಮುಟ್ಟಿಸುವ ಸುಜೂದಿಗೆ ಬಾಗಿದಾಗ ಹಿಂದಿನ ಅಂಚು ಕಂಡಿತು. ಒಂದು ಗೇಣು ಹಸಿರು.

ನಮಾಝ್ ಮಾಡುವವರನ್ನು ಕರೆಯುವ ಹಾಗಿಲ್ಲ. ಕಾದೆವು. ಅವಳಿಗೆ ಅವಸರವೇ ಇರಲಿಲ್ಲ. ಸಲಾಂ ಹೇಳಿ, ಕೈ ಎತ್ತಿ, ಬಹಳ ಹೊತ್ತು ಏನನ್ನೋ ಬೇಡಿಕೊಂಡಳು. ಕೊನೆಯಲ್ಲಿ ಮುಖ ಒರೆಸಿಕೊಂಡದ್ದು ಕಣ್ಣೀರನ್ನೋ ಏನೋ, ನನಗೆ ತಿಳಿಯದು. ಎದ್ದು ಕುಪ್ಪಾಯ ಕಳಚಿದಾಗ ಒಳಗೆ ಅಂಗಡಿಯೊಂದರ ಕೆಲಸದ ಸಮವಸ್ತ್ರ. ನಾನು ಅವಳನ್ನೇ ನೋಡುತ್ತಿದ್ದುದನ್ನು ಕಂಡು, ಬಟ್ಟೆಗೆ ಕಾಯುತ್ತಿದ್ದೇನೆ ಎಂದುಕೊಂಡಳು. ಚಂದವಾಗಿ ಮಡಚಿ, ಎರಡೂ ಕೈಯಲ್ಲಿ ನನಗೆ ಕೊಟ್ಟಳು.

"ಇದು ಒಳ್ಳೆಯದು ಅಕ್ಕ. ಇದಕ್ಕೆ ಕಿಸೆ ಉಂಟು" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ತನ್ನ ಸಮವಸ್ತ್ರಕ್ಕೆ ಕಿಸೆ ಇಲ್ಲ ಎಂದು ತಟ್ಟಿ ತೋರಿಸಿದಳು. ಕನ್ನಡಿಯ ಹತ್ತಿರ ತಲೆವಸ್ತ್ರ ಸರಿ ಮಾಡುತ್ತಿದ್ದ ವಯಸ್ಸಾದ ಹೆಂಗಸು ನಗುತ್ತಾ ಏನೋ ಸೇರಿಸಿದರು. ಹುಡುಗಿ ಅದನ್ನೂ ಹೇಳಿದಳು. ನಿನ್ನೆಯಿಂದ ಇಲ್ಲಿ ಕೆಲಸದವರಿಗೆಲ್ಲ ಇದೇ ಬೇಕಂತೆ, ಯಾರು ಇಟ್ಟು ಹೋದರೋ, ಅವರಿಗೆ ಅಲ್ಲಾಹನು ಒಳ್ಳೆಯದು ಮಾಡಲಿ ಎಂದು ಹೇಳಿಕೊಂಡೇ ಹಾಕುತ್ತಿದ್ದಾರಂತೆ.

ಇದು ನನ್ನದು ಎಂದರೆ ಕಸಿದುಕೊಂಡ ಹಾಗೆ, ಹೇಳದಿದ್ದರೆ ಕದ್ದ ಹಾಗೆ. ಹೇಳಿದ್ದು ಹಿಬಾ, ಶಾಲೆಯ ಇಂಗ್ಲಿಷಿನಲ್ಲಿ: "ಇದು ನನ್ನ ಅಜ್ಜಿ ಹೊಲಿದದ್ದು. ಅವರಿಗೆ ಕಾಲು ನೋವು."

ಹುಡುಗಿ ಬಾಯಿಗೆ ಕೈ ಇಟ್ಟಳು. ಕ್ಷಮಿಸಿ, ಕ್ಷಮಿಸಿ ಎಂದಳು. ನಾನು ಅವಳ ಕೈ ಕುಲುಕಿ, ಅಲ್ಲಿಯವರ ಹಾಗೆ ನನ್ನ ಕೈಯನ್ನು ಎದೆಗೆ ಮುಟ್ಟಿಸಿಕೊಂಡೆ. ಅವಳು ಅಜ್ಜಿಯ ಹೆಸರು ಕೇಳಿದಳು. "ನಫೀಸಾ" ಎಂದೆ. ಅವಳು ಒಮ್ಮೆ, ವಯಸ್ಸಾದ ಹೆಂಗಸು ಒಮ್ಮೆ ಆ ಹೆಸರು ಹೇಳಿದರು, ನಾಳೆಗೂ ನೆನಪಿರಲಿ ಎನ್ನುವಂತೆ.

ನಾವು ಹೊರಗೆ ಬಂದು ಹತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಓಡುವ ಸದ್ದು. "ಅಕ್ಕ! ನನ್ನ ಬೀಗದ ಕೈ!" ಕಿಸೆಯಲ್ಲಿ ಅವಳ ಕಪಾಟಿನ ಬೀಗದ ಕೈ ಹಾಗೆಯೇ ಇತ್ತು. ತೆಗೆದುಕೊಟ್ಟೆ. ಒಬ್ಬಳು ಕುಪ್ಪಾಯ ಮರೆತವಳು, ಒಬ್ಬಳು ಬೀಗದ ಕೈ ಮರೆತವಳು, ಇಬ್ಬರೂ ಗಟ್ಟಿಯಾಗಿ ನಕ್ಕೆವು. ಝಿಯಾನ್ ಜಾರುಮೆಟ್ಟಿಲಿನ ಮೇಲಿಂದ ಕೈ ಬೀಸಿದ.

ದೊಡ್ಡ ಮಸೀದಿಗೆ ತಲುಪಿದಾಗ ಬಾಂಗು ಆಗುತ್ತಿತ್ತು. ಹೆಂಗಸರ ಸಾಲಿನಲ್ಲಿ ನಿಂತೆ. ಎಡಕ್ಕೆ ಯಾರೋ, ಬಲಕ್ಕೆ ಯಾರೋ, ಭುಜಕ್ಕೆ ಭುಜ. ಇಷ್ಟು ವರ್ಷದ ನಮಾಝಿನಲ್ಲಿ ಇಮಾಮರ ದನಿಯ ಹಿಂದೆ, ಹೆಂಗಸರ ನಡುವೆ ನಾನು ನಿಂತದ್ದು ಅದೇ ಮೊದಲು. ಎಲ್ಲರೂ ಒಟ್ಟಿಗೆ ಬಾಗುವ ಸದ್ದು ಅಷ್ಟು ದೊಡ್ಡದಾಗಿ ಎದ್ದು ಬರುತ್ತದೆಂದು ಗೊತ್ತಿರಲಿಲ್ಲ. ಸುಜೂದಿನಲ್ಲಿ ಕುಪ್ಪಾಯದ ಅಂಚು ಮಸೀದಿಯ ನೆಲದ ಮೇಲೆ ಹರಡಿತು. ಲವಂಗದ ಜೊತೆಗೆ ಯಾವುದೋ ಬೇರೆ ಪರಿಮಳ, ಅತ್ತರು ಇರಬಹುದು, ತಲೆಗೆಣ್ಣೆ ಇರಬಹುದು.

ಪುನಃ ಕುಂಬ್ರ

ಸಿಕ್ಕಿದ ಸುದ್ದಿಯನ್ನು ವಿಮಾನ ಹತ್ತುವ ಮೊದಲೇ ಫೋನಿನಲ್ಲಿ ಹೇಳಿದ್ದೆ. ಕಂಬಿಯಲ್ಲಿ ಇತ್ತು, ಸಿಕ್ಕಿತು, ಮಸೀದಿಯಲ್ಲಿ ನಮಾಝ್ ಆಯಿತು ಎಂದಷ್ಟೇ. ಯಾರೋ ಹಾಕಿದ್ದನ್ನು ಎದುರಿಗೆ ಕುಳಿತು ಹೇಳಬೇಕು ಎನಿಸಿತ್ತು. ಕಪಾಟಿನಲ್ಲಿ ಅಷ್ಟು ವರ್ಷ ಯಾರ ಮೈಗೂ ಹಾಕದೆ ಇಟ್ಟದ್ದು. ಉಮ್ಮನಿಗೆ ಹೇಗಾಗುತ್ತದೋ?

ಮನೆಯಲ್ಲಿ ಮಕ್ಕಳು ಮೊದಲು ಜಾರುಮೆಟ್ಟಿಲು, ಆಮೇಲೆ ತೊಟ್ಟೆಯ ಚಹಾ ಎಲ್ಲ ಹೇಳಿ ಮುಗಿಸಿದರು. ನಾನು ಕುಪ್ಪಾಯ ತಂದು ಉಮ್ಮನ ಮಡಿಲಲ್ಲಿಟ್ಟೆ. ಉಮ್ಮ ಮೂಸಿ ನೋಡಿದರು.

"ಇದು ನಿನ್ನ ಪರಿಮಳ ಅಲ್ಲ."

ಎಲ್ಲ ಹೇಳಿದೆ. ಉಮ್ಮ ತಲೆ ಎತ್ತದೆ ಕೇಳಿದರು. ಕಿಸೆಯ ಮಾತು ಬಂದಾಗ ಮಾತ್ರ ತಲೆ ಎತ್ತಿದರು.

"ಎಂತ ಹೇಳಿದ್ಲು ಅವಳು? ಪುನಃ ಹೇಳು."

"ಇದು ಒಳ್ಳೆಯದು, ಇದಕ್ಕೆ ಕಿಸೆ ಉಂಟು ಅಂತ."

ಉಮ್ಮ ನಾದಿನಿಯ ಕಡೆ ತಿರುಗಿದರು. "ಕೇಳಿದ್ಯಾ? ಮಿಠಾಯಿ ಹಾಕ್ಲಿಕ್ಕಾ ಅಂತ ಕೇಳಿದವಳು ನೀನು." ನಾದಿನಿ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳು. ಉಮ್ಮ ಕಿಸೆಗೆ ಕೈ ಹಾಕಿದರು. ಒಂದು ತಲೆಪಿನ್ನು ಬಂತು. ಅದರ ಹಿಂದೆ, ಸುತ್ತಿದ ಕಾಗದದಲ್ಲಿ ಒಂದು ಪೆಪ್ಪರ್‌ಮಿಂಟು. ಎಲ್ಲರೂ ಒಂದು ಕ್ಷಣ ಅದನ್ನೇ ನೋಡಿದೆವು. ಆಮೇಲೆ ಉಮ್ಮ ನಕ್ಕ ನಗುವಿಗೆ ಅಂಗಳದ ಕೋಳಿಗಳೂ ಬೆಚ್ಚಿದವು.

"ತೊಳೆದು ಕೊಡ್ತೇನೆ ಉಮ್ಮ, ಪುನಃ ಕಪಾಟಿನಲ್ಲಿ ಇಡುವ" ಎಂದೆ.

"ತೊಳೆ. ಕಪಾಟಿಗೆ ಬೇಡ." ಸ್ವಲ್ಪ ಹೊತ್ತು ಕಿಟಕಿಯಿಂದ ಹೊರಗೆ ನೋಡಿದರು. ನಮ್ಮ ಮನೆಯಿಂದ ಬಸ್ ನಿಲ್ದಾಣ ಕಾಣುತ್ತದೆ. ಮಕ್ಕಳನ್ನು ಎತ್ತಿಕೊಂಡ, ಚೀಲ ಹಿಡಿದ ಹೆಂಗಸರು ಯಾವಾಗಲೂ ನಿಂತಿರುತ್ತಾರೆ. "ರಫೀ, ಜಗಲಿಯ ಒಳಬಾಗಿಲ ಹತ್ತಿರ ಒಂದು ಕೊಕ್ಕೆ ಹೊಡಿ. ಗಟ್ಟಿ ಇರಲಿ."

ಆ ದಿನ ಅಸರ್‌ಗೆ ಉಮ್ಮ ಕುರ್ಚಿಯಲ್ಲಿ ಕುಳಿತು ಅದನ್ನು ಹಾಕಿ ನಮಾಝ್ ಮಾಡಿದರು, ತೊಳೆಯುವ ಮೊದಲೇ. ಮರುದಿನ ಅದು ಒಣಗಿ ಕೊಕ್ಕೆಗೆ ಬಂತು. ನಾದಿನಿ ಸುಳ್ಯದ ಬಸ್ಸಿಗೆ ಹೊರಟಾಗ ನಿಲ್ದಾಣದಲ್ಲಿದ್ದ ಹೆಂಗಸರಿಗೆ ಹೇಳಿ ಹೋದಳು. ಹಿಬಾ ಮದ್ರಸದಲ್ಲಿ ದೊಡ್ಡ ಮಸೀದಿಯ ಬಗ್ಗೆ ಹೇಳುವಾಗ ನಮ್ಮ ಜಗಲಿಯನ್ನೂ ಸೇರಿಸಿದಳಂತೆ. ಈಗ ಪುತ್ತೂರಿನ ಆಸ್ಪತ್ರೆಗೆ ಹೋಗಿ ಬರುವವರು, ಮದುವೆ ಬಟ್ಟೆಗೆ ಬಂದವರು, ಬಸ್ಸು ತಪ್ಪಿದವರು, ಝುಹರ್ ಹೊತ್ತಿಗೆ ನಮ್ಮ ಗೇಟು ತೆರೆಯುತ್ತಾರೆ. ನನಗೆ ಕೆಲಸ ಏನೂ ಇಲ್ಲ. ಬಚ್ಚಲು ತೋರಿಸುವುದು, ಅವರ ಮಗುವನ್ನು ಅಷ್ಟು ಹೊತ್ತು ಎತ್ತಿಕೊಳ್ಳುವುದು. ಅದಕ್ಕಾಗಿ ಝಿಯಾನ್ ತನ್ನ ಆಟದ ಸಾಮಾನು ಬಿಟ್ಟುಕೊಡಲು ಕಲಿಯುತ್ತಿದ್ದಾನೆ, ಒಮ್ಮೊಮ್ಮೆ.

ಹಕ್ಕಿಗಳ ಪಾರ್ಕು ಬಾಕಿ ಉಳಿದಿದೆ. ಅವನು ಅದನ್ನು ದಿನಕ್ಕೊಮ್ಮೆ ನೆನಪಿಸುತ್ತಾನೆ.

ಉಮ್ಮ ಒಳಬಾಗಿಲ ಹತ್ತಿರವೇ ಕುರ್ಚಿ ಹಾಕಿಸಿಕೊಂಡಿದ್ದಾರೆ. ಬಂದವರ ಊರು, ಹೆಸರು ಕೇಳುತ್ತಾರೆ. ಕುಪ್ಪಾಯ ಕೈಗೆ ಕೊಡುವಾಗ, "ಬಲಕ್ಕೆ ಕಿಸೆ ಉಂಟು, ನೋಡು" ಎಂದು ತಪ್ಪದೆ ಹೇಳುತ್ತಾರೆ. ಮೊನ್ನೆ ಕಡಬ ಕಡೆಯ ಒಬ್ಬಳು ಬಸ್ಸಿನ ಹಾರ್ನ್ ಕೇಳಿ ಓಡಿಹೋದಳು. ಆಮೇಲೆ ನಾನು ಕಿಸೆಗೆ ಕೈ ಹಾಕಿದರೆ ಅವಳ ಮಗುವಿನ ಒಂದು ಸಣ್ಣ ಬಳೆ. ತೆಗೆದಿಡಲು ಹೊರಟೆ.

"ಅಲ್ಲೇ ಇರಲಿ" ಎಂದರು ಉಮ್ಮ. "ಅವಳು ಬಂದು ಕಿಸೆಯಲ್ಲೇ ಹುಡುಕುದು."